ಗಾಂಧಿಕ್ಲಾಸಿನ ಮಾತು: ಗೇಟು ಯಾವಾಗ ತೆಗೀತಾರ್ರೀ?

ಈ ವಾರ ನಿಮ್ಮ ಗಾಂಧಿಕ್ಲಾಸ್ ಗಿರಾಕಿ ಯಾವ ಟಾಕೀಸಿಗೂ ಹೋಗಲಿಲ್ಲ, ಓದುಗ ದೊರೆಗಳೇ! ಯಾವ ತಾರೆಯ ಮನೆಯ ಕಾಲಿಂಗ್ ಬೆಲ್ಲನ್ನೂ ಒತ್ತಲಿಲ್ಲ. ಹೊಸಪೇಟೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ನಮ್ಮ ಪತ್ರಿಕೆ ದಾರಕ್ಕೆ ಜೋತುಬಿದ್ದು ತೂಗಾಡುತ್ತಿದ್ದುದನ್ನು ಕಣ್ತುಂಬ ನೋಡಿ (ಎರಡೇ ಪ್ರತಿ ಉಳಿದಿದ್ದವು, ಸಂಪಾದಕರು ಖುಷಿಪಡಲಿ), ಎರಡು ಪೊಟ್ಟಣ ಶೇಂಗಾ ಕೊಂಡು ಮುನಿರಾಬಾದಿನ ಬಸ್ಸು ಹತ್ತಿದೆ.

ಯಾಕೆ ಅಂತೀರಾ? ಒಂದು ಕಾಗದ ಬಂದಿತ್ತು. ಬರೆದವರು ಕೊಪ್ಪಳ ಕಡೆಯ ಓದುಗರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಕಾಗದದ ಸಾರ ಇಷ್ಟು: "ಕೊರೊನಾ ಕಾಲದಾಗ ಸಿನಿಮಾ ಮಂದಿಗೆ ಎಷ್ಟು ಕೋಟಿ ಲುಕ್ಸಾನಾತು ಅಂತ ಪುಟಗಟ್ಟಲೆ ಬರದ್ರಿ. ಮುನಿರಾಬಾದ್ ಡ್ಯಾಮಿನ ಮುಂದ ನಿಂತು ಫೋಟೋ ಹೊಡ್ಯಾಂವಗ ಎಷ್ಟು ಲುಕ್ಸಾನಾತು ಅಂತ ಯಾರಾರ ಬರದೀರೇನು?"

ಬರೆದಿಲ್ಲ. ತಪ್ಪಾಯಿತು. ಅದಕ್ಕೇ ಹೊರಟೆ.

ತುಂಗಭದ್ರಾ ಅಣೆಕಟ್ಟು ಎಂದರೆ ಹೆಚ್ಚಿನವರಿಗೆ ಗೊತ್ತಿರುವುದು ಹೊಸಪೇಟೆಯ ಕಡೆಯ ದಂಡೆ. ಅಣೆಕಟ್ಟು ಒಂದೇ, ದಂಡೆ ಎರಡು! ಆ ಕಡೆ ಹೊಸಪೇಟೆ, ಈಗಿನ ವಿಜಯನಗರ ಜಿಲ್ಲೆ. ಈ ಕಡೆ ಮುನಿರಾಬಾದ್, ಕೊಪ್ಪಳ ಜಿಲ್ಲೆ. 1945ರಲ್ಲಿ ಅಡಿಗಲ್ಲು ಹಾಕುವಾಗಲೂ ಆ ದಂಡೆ ಮದ್ರಾಸಿನವರದು, ಈ ದಂಡೆ ನಿಜಾಮರದು. ಎಡದಂಡೆ ಕಾಲುವೆ ಹೊರಡುವುದು ಇಲ್ಲಿಂದಲೇ. ಗಂಗಾವತಿಯ ಭತ್ತದ ಗದ್ದೆಗಳಿಗೆ ಹೋಗುವ ನೀರು ಇದೇ. ಪಕ್ಕದ ಹುಲಿಗಿಯಲ್ಲಿ ಹುಲಿಗೆಮ್ಮ ತಾಯಿ. ಅಣೆಕಟ್ಟಿನ ಕೆಳಗೆ ಪಂಪಾವನ ಎಂಬ ಉದ್ಯಾನ. ತಾಯಿಗೆ ಕಾಯಿ ಒಡೆಸಿ, ಡ್ಯಾಂ ನೋಡಿ, ಪಂಪಾವನದ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ, ಮಂಡಕ್ಕಿ-ಮಿರ್ಚಿ ತಿಂದು, ಮಕ್ಕಳನ್ನು ಜೋಕಾಲಿ ಆಡಿಸಿ, ಒಂದು ಫೋಟೋ ತೆಗೆಸಿಕೊಂಡು ಮನೆಗೆ ಹೋಗುವುದು: ಯಲಬುರ್ಗಾ, ಕುಷ್ಟಗಿ, ಗಂಗಾವತಿಯ ಸಂಸಾರಗಳಿಗೆ ಇದೇ ಊಟಿ, ಇದೇ ಬೃಂದಾವನ, ಇದೇ ಡಿಸ್ನಿಲ್ಯಾಂಡು!

ಫೋಟೋದವನು ಸಿಕ್ಕ. ನಲವತ್ತರ ಮೇಲಿನ ಆಸಾಮಿ. ಕೊರಳಲ್ಲಿ ಕ್ಯಾಮರಾ, ಹೆಗಲಲ್ಲಿ ಪುಟ್ಟ ಪ್ರಿಂಟರಿನ ಚೀಲ, ಕೈಯಲ್ಲಿ ಸ್ಯಾಂಪಲ್ ಆಲ್ಬಂ. ಅವನ ತಂದೆಯೂ ಇದೇ ಜಾಗದಲ್ಲಿ ಫೋಟೋ ತೆಗೆಯುತ್ತಿದ್ದರಂತೆ. ಆಗ ರೋಲು ತೊಳೆದು, ಪ್ರಿಂಟು ಹಾಕಿ, ವಿಳಾಸ ಬರೆಸಿಕೊಂಡು ಅಂಚೆಯಲ್ಲಿ ಕಳಿಸುವ ಕಾಲ. ಈಗ ಎಲ್ಲರ ಕೈಯಲ್ಲೂ ಮೊಬೈಲು. ಆದರೂ ಮದುವೆಯಾದ ಹೊಸ ಜೋಡಿ, ಮೊದಲ ಸಲ ಕೂಸನ್ನು ತಂದ ತಾಯಿ ಕಾಗದದ ಫೋಟೋ ಕೇಳುತ್ತಾರಂತೆ.

"ಕೊರೊನಾದಾಗ ಏನು ಮಾಡಿದ್ರಿ?" ಎಂದೆ.

ಅವನು ನಕ್ಕ. "ಒಂದ ಮಾತು ಕೇಳಿಕೊಂತ ಕುಂತಿದ್ನಿರಿ. ಗೇಟು ಯಾವಾಗ ತೆಗೀತಾರ್ರೀ? ಗೇಟು ಯಾವಾಗ ತೆಗೀತಾರ್ರೀ? ಡ್ಯಾಮಿನ ಗೇಟು ಅಂತ ತಿಳ್ಕೊಂಡು ಒಬ್ಬಾಂವ ಒಳಹರಿವು ಎಷ್ಟೈತಿ ಅಂತ ಲೆಕ್ಕ ಹೇಳಿದಾ!"

ನಗಬೇಡಿ, ದೊರೆಗಳೇ. ಈ ವಾರದ ನನ್ನ ಮಾತೆಲ್ಲ ಈ ಎರಡು ಗೇಟುಗಳ ನಡುವೆಯೇ ಇದೆ.

ಸಿನಿಮಾ ಪತ್ರಿಕೆಗೂ ಪಾರ್ಕಿನ ಗೇಟಿಗೂ ಏನು ಸಂಬಂಧ ಎಂದು ಕೇಳುವ ಬುದ್ಧಿವಂತರಿಗೆ ಒಂದು ಉತ್ತರ. ಸರ್ಕಾರದ ಲೆಕ್ಕದಲ್ಲಿ ಟಾಕೀಸು, ಪಾರ್ಕು, ತಿರುಗುತೊಟ್ಟಿಲು, ಕಂಪನಿ ನಾಟಕ ಎಲ್ಲ ಒಂದೇ ಜಾತಿ. ಜಾತಿಯ ಹೆಸರು ಮನರಂಜನೆ. ಈ ಜಾತಿಗೆ ಎರಡೇ ನಿಯಮ: ಮೊದಲು ಮುಚ್ಚತಕ್ಕದ್ದು, ಕೊನೆಗೆ ತೆರೆಯತಕ್ಕದ್ದು! ನಮ್ಮ ಬಾಲ್ಕನಿಯ ಹೀರೋಗೂ ಮುನಿರಾಬಾದಿನ ಮಿರ್ಚಿ ಅಂಗಡಿಗೂ ಆ ದಿನಗಳಲ್ಲಿ ಬಿದ್ದದ್ದು ಒಂದೇ ಕಂಪನಿಯ ಬೀಗ.

ಸ್ವಲ್ಪ ನೆನಪು ಮಾಡಿಕೊಳ್ಳೋಣ. ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲಿ. 2020ರ ಮಾರ್ಚ್ 10ರಂದು ಹಿರಿಯರೊಬ್ಬರು ತೀರಿಕೊಂಡರು, 12ರಂದು ಅದು ಕೊರೊನಾ ಎಂದು ಖಚಿತವಾಯಿತು. 13ರಂದು ರಾಜ್ಯ ಸರ್ಕಾರ ಹೇಳಿತು: ಸಿನಿಮಾ ಮಂದಿರ, ಮಾಲು, ಜಾತ್ರೆ, ಮದುವೆಯ ಗದ್ದಲ ಎಲ್ಲ ಬಂದ್. ಎಷ್ಟು ದಿನ? ಒಂದು ವಾರ!

ಒಂದು ವಾರ.... ನಾವೆಲ್ಲ ನಂಬಿದೆವು. ನಿಮ್ಮ ಅಂಕಣಕಾರ ಮುಂದಿನ ಶುಕ್ರವಾರದ ಮ್ಯಾಟಿನಿಗೆ ಗೆಳೆಯನಿಗೆ ಟಿಕೆಟ್ ಹಿಡಿದಿಡಲು ಹೇಳಿದ್ದೂ ಉಂಟು. ಮುನಿರಾಬಾದಿನ ನಮ್ಮ ಫೋಟೋದವನು ಬೇಸಗೆ ರಜೆಗೆಂದು ಸಾಲ ಮಾಡಿ ಪ್ರಿಂಟಿಂಗ್ ಕಾಗದ, ಇಂಕು ತಂದಿಟ್ಟಿದ್ದ. ಒಂದು ವಾರ ತಾನೇ? ಆಮೇಲೆ 22ರ ಜನತಾ ಕರ್ಫ್ಯೂ, 25ರಿಂದ ಇಪ್ಪತ್ತೊಂದು ದಿನದ ಲಾಕ್‌ಡೌನು, ಅದರ ಬಾಲಕ್ಕೆ ಇನ್ನೊಂದು, ಆ ಬಾಲಕ್ಕೆ ಮತ್ತೊಂದು. ಸಿನಿಮಾ ಮಂದಿರಕ್ಕೂ ಪಾರ್ಕಿಗೂ ಕೇಂದ್ರ ಸರ್ಕಾರ ಅಪ್ಪಣೆ ಕೊಟ್ಟದ್ದು 2020ರ ಅಕ್ಟೋಬರ್ 15ರಿಂದ. ಒಂದು ವಾರ ಅಂದದ್ದು ಏಳು ತಿಂಗಳಾಯಿತು! ಇಂಟರ್ವೆಲ್ಲಿಗೆ ಎದ್ದು ಹೋದ ಪ್ರೇಕ್ಷಕನನ್ನು ಏಳು ತಿಂಗಳು ಸೋಡಾ ಅಂಗಡಿಯ ಮುಂದೆ ನಿಲ್ಲಿಸಿದಂತೆ.

ತೆರೆದರು ಸರಿ. ಹೇಗೆ? ಟಾಕೀಸಿನಲ್ಲಿ ಅರ್ಧ ಸೀಟು. ಪಾರ್ಕುಗಳಿಗೆಂದೇ ಆರೋಗ್ಯ ಸಚಿವಾಲಯ ಬೇರೆ ನಿಯಮಪಟ್ಟಿ ಹೊರಡಿಸಿತ್ತು. ಬಾಗಿಲಲ್ಲಿ ಮೈಯ ಬಿಸಿ ಅಳೆಯಬೇಕು, ಸಾಲಿನಲ್ಲಿ ಆರಡಿ ಅಂತರ ಇರಬೇಕು, ಮುಟ್ಟುವ ಜಾಗವನ್ನೆಲ್ಲ ಮತ್ತೆ ಮತ್ತೆ ಒರೆಸಬೇಕು, ಮೂಗು-ಬಾಯಿಗೆ ಮಾಸ್ಕು ಇರಬೇಕು. ಹತ್ತು ವರ್ಷದೊಳಗಿನ ಮಕ್ಕಳೂ ಅರವತ್ತೈದು ದಾಟಿದ ಹಿರಿಯರೂ ಮನೆಯಲ್ಲೇ ಇರುವುದು ಒಳ್ಳೆಯದು ಎಂಬ ಸಲಹೆ ಬೇರೆ. ಮಕ್ಕಳಿಲ್ಲದ ಪಾರ್ಕು! ಹಾಡಿಲ್ಲದ ಸಿನಿಮಾ ನೋಡಿದ್ದೇವೆ, ಹೀರೋ ಇಲ್ಲದ ಸಿನಿಮಾ ನೋಡಿದ್ದೇವೆ, ಇದು ಹೊಸತು.

ಬಿಡದಿಯ ವಂಡರ್‌ಲಾ 2020ರ ನವೆಂಬರಿನಲ್ಲಿ ಬಾಗಿಲು ತೆರೆಯಿತು. ಅವರಿಗೆ ಕಾಂಪೌಂಡಿದೆ, ಗೇಟಿದೆ, ಟಿಕೆಟ್ಟಿದೆ, ಬಿಸಿ ಅಳೆಯುವ ಬಂದೂಕು ಹಿಡಿದ ಕಾವಲುಗಾರರಿದ್ದಾರೆ. ಇಷ್ಟು ಜನ ಒಳಗೆ ಸಾಕು ಎಂದು ಲೆಕ್ಕ ಹಿಡಿಯಬಹುದು. ಅಣೆಕಟ್ಟಿನ ರಸ್ತೆಗೆ, ಹುಲಿಗಿ ಜಾತ್ರೆಯ ಬಯಲಿಗೆ ಯಾವ ಟಿಕೆಟ್ಟು? ಐವತ್ತು ಶೇಕಡಾ ಎಂದರೆ ಯಾವ ನೂರರ ಐವತ್ತು? ಬೆಂಗಳೂರಿನ ಆದೇಶದಲ್ಲಿ 'ಮನರಂಜನಾ ಪಾರ್ಕು' ಎಂದು ಬರೆದಿತ್ತು. ಜಾತ್ರೆಯ ತಿರುಗುತೊಟ್ಟಿಲು ಅದರೊಳಗೆ ಬಂತೋ ಹೊರಗೆ ಬಿತ್ತೋ ಎಂದು ತೊಟ್ಟಿಲಿನವನಿಗೆ ತಿಳಿಯದು. "ಯಾರನ್ನ ಕೇಳಬೇಕು ಅಂತ ಗೊತ್ತಿರಲಿಲ್ರಿ. ಒಬ್ರು ಇವತ್ತು ಹೂಂ ಅಂತಿದ್ರು, ಇನ್ನೊಬ್ರು ನಾಳೆ ಊಹೂಂ ಅಂತಿದ್ರು," ಅಂದ ಫೋಟೋದವನು. ಆ ಮಳೆಗಾಲ ಅವನು ಗಂಗಾವತಿ ಕಡೆ ಭತ್ತದ ನಾಟಿಗೆ ಹೋಗಿದ್ದನಂತೆ. ಕ್ಯಾಮರಾ ಹಿಡಿದ ಕೈ ಕೆಸರಿಗೆ ಇಳಿಯಿತು. ಕೆಲಸದಲ್ಲಿ ಅವಮಾನವಿಲ್ಲ ಬಿಡಿ, ಸೊಂಟ ಮಾತ್ರ ಕೇಳಲಿಲ್ಲವಂತೆ.

ಇನ್ನು ಸೂಜಿಯ ಕಥೆಗೆ ಬರೋಣ. 2021ರ ಜನವರಿ 16ರಂದು ದೇಶದಲ್ಲಿ ಲಸಿಕೆ ಶುರುವಾಯಿತು. ಮೊದಲು ಡಾಕ್ಟರು, ನರ್ಸು. ಮಾರ್ಚ್ 1ರಿಂದ ಅರವತ್ತು ದಾಟಿದವರು. ಏಪ್ರಿಲ್ 1ರಿಂದ ನಲವತ್ತೈದು ದಾಟಿದವರು. ಮೇ 1ರಿಂದ ಹದಿನೆಂಟು ದಾಟಿದವರು. ಗಾಂಧಿಕ್ಲಾಸಿನಲ್ಲಿ ಸೀಟಿ ಹೊಡೆಯುವ ವಯಸ್ಸಿನವರಿಗೆ ಸೂಜಿ ಬಂದದ್ದು ಎಲ್ಲರಿಗಿಂತ ಕೊನೆಗೆ! ಆದರೂ ಎಲ್ಲರ ಬಾಯಲ್ಲೂ ಒಂದೇ ಮಾತು: ಲಸಿಕೆ ಬಂತಲ್ಲ, ಇನ್ನು ಎಲ್ಲ ತೆಗೀತಾರೆ.

ಆ ಧೈರ್ಯದ ಮೇಲೆ ಸಿನಿಮಾದವರು ಎದ್ದು ನಿಂತರು. ಫೆಬ್ರವರಿ 1ರಿಂದ ಪೂರ್ತಿ ಸೀಟು ತುಂಬಬಹುದೆಂದು ಕೇಂದ್ರ ಹೇಳಿತು. ರಾಜ್ಯ ಮೊದಲು ಬೇಡ ಎಂದಿತು. ಕಲಾವಿದರು, ನಿರ್ಮಾಪಕರು ದನಿ ಎತ್ತಿದ ಮೇಲೆ ಹೂಂ ಎಂದಿತು. 'ಪೊಗರು' ಬಂತು, 'ರಾಬರ್ಟ್' ಬಂತು. ಏಪ್ರಿಲ್ 1ಕ್ಕೆ ನಮ್ಮ ಅಪ್ಪು, ಪುನೀತ್ ರಾಜ್‌ಕುಮಾರರ 'ಯುವರತ್ನ' ತೆರೆಗೆ ಬಂತು. ಹಾರ, ಹಾಲು, ಪಟಾಕಿ, ಹೌಸ್‌ಫುಲ್ ಬೋರ್ಡು! ಮರುದಿನವೇ, ಏಪ್ರಿಲ್ 2ರಂದೇ, ಆದೇಶ ಹೊರಬಿತ್ತು: ಬೆಂಗಳೂರು, ಮೈಸೂರು, ಧಾರವಾಡ, ಕಲಬುರಗಿ ಮುಂತಾದ ಜಿಲ್ಲೆಗಳಲ್ಲಿ ಅರ್ಧ ಸೀಟು ಮಾತ್ರ. ಕೂಡಲೇ ಜಾರಿ!

ಸೋಂಕು ಏರುತ್ತಿದ್ದುದು ಸುಳ್ಳಲ್ಲ. ಆದರೆ ಮುಂಗಡ ಟಿಕೆಟ್ ಕೊಂಡವನ ಗತಿ ಏನು? ವಿತರಕ ಕಟ್ಟಿದ ದುಡ್ಡಿನ ಗತಿ? ಪುನೀತ್ ತಾವೇ ಕೈಮುಗಿದು ಕೇಳಿಕೊಂಡರು. ಸರ್ಕಾರ ಏಪ್ರಿಲ್ 7ರವರೆಗೆ ಅವಧಿ ಕೊಟ್ಟಿತು. ಐದೇ ದಿನ. ಚಿತ್ರ 9ರಂದು ಮೊಬೈಲಿನ ತೆರೆಗೆ ಹೋಯಿತು. ಅದೇ ವರ್ಷ ಅಕ್ಟೋಬರ್ 29ರಂದು ಅಪ್ಪು ನಮ್ಮನ್ನೆಲ್ಲ ಬಿಟ್ಟು ಹೋದರು. ಬದುಕಿದ್ದಾಗ ದೊಡ್ಡ ತೆರೆಯಲ್ಲಿ ಅಭಿಮಾನಿಗಳು ಕಂಡ ಅವರ ಕೊನೆಯ ಹೊಸ ಚಿತ್ರ ಅದೇ. ಎಷ್ಟೋ ಊರುಗಳಲ್ಲಿ ಜನ "ಮುಂದಿನ ವಾರ ನೋಡೋಣ" ಎಂದು ಬಿಟ್ಟಿದ್ದರು. ಆ ಮುಂದಿನ ವಾರ ಬರಲೇ ಇಲ್ಲ.

ಆ ಐದು ದಿನದ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮುನಿರಾಬಾದಿನಲ್ಲೂ ಅದೇ ಧೈರ್ಯ, ಅದೇ ಪೆಟ್ಟು. ಏಪ್ರಿಲ್ 13ರ ಯುಗಾದಿಗೆ ಜನ ಬರುತ್ತಾರೆ, ಬೇಸಗೆಯಲ್ಲಿ ಹುಲಿಗೆಮ್ಮನ ಜಾತ್ರೆ ಇದೆ ಎಂದು ಫೋಟೋದವನು ಮತ್ತೆ ಸಾಲ ಮಾಡಿ ಕಾಗದ ತಂದ. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯಕ್ಕೆ ಬೀಗ! ಮೇ ತಿಂಗಳಲ್ಲಿ ಇನ್ನೂ ಬಿಗಿ ಬೀಗ. ಆ ತಿಂಗಳ ಸುದ್ದಿ ನಿಮಗೆ ನಾನು ಹೇಳಬೇಕಾಗಿಲ್ಲ. ಆಕ್ಸಿಜನ್, ಹಾಸಿಗೆ, ಆಂಬುಲೆನ್ಸಿನ ಸದ್ದು.... ಫೋಟೋದವನ ಅಣ್ಣ ಆ ತಿಂಗಳೇ ಹೋದ. ಅಣ್ಣನ ಪಟ ಮಾಡಿಸಬೇಕಿತ್ತು. ಮನೆಯಲ್ಲಿದ್ದ ಕಾಗದದ ಕಟ್ಟಿನಲ್ಲಿ ಆ ಸಲ ಅವನು ಹಾಕಿದ ಪ್ರಿಂಟು ಅದೊಂದೇ.

ಇದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಡ್ಯಾಮಿನ ಕಡೆ ನೋಡುತ್ತಿದ್ದ. ನಾನೂ ಆ ಕಡೆಯೇ ನೋಡಿದೆ.

ಜುಲೈಯಲ್ಲಿ ಮತ್ತೆ ಒಂದೊಂದೇ ಬೀಗ ಬಿಚ್ಚಿದರು. 19ರಿಂದ ಟಾಕೀಸು, ಅರ್ಧ ಸೀಟು. 25ರಿಂದ ದೇವಸ್ಥಾನ ಮತ್ತು ಪಾರ್ಕು. ಆದರೆ ಆ ಆದೇಶದಲ್ಲಿ ಒಂದು ತಮಾಷೆಯ ಸಾಲಿತ್ತು: ಪಾರ್ಕು ತೆರೆಯಬಹುದು, ನೀರಿನ ಆಟ ಮಾತ್ರ ಕೂಡದು! ಬಿಡದಿಯಲ್ಲಿ ನೀರಿನ ಆಟ ಬಿಟ್ಟರೂ ಬೇರೆ ನೂರೆಂಟು ಆಟ ಉಂಟು. ಮುನಿರಾಬಾದಿನಲ್ಲಿ? ಜುಲೈ ಎಂದರೆ ಜಲಾಶಯಕ್ಕೆ ನೀರು ಏರುವ ತಿಂಗಳು. ಅಲ್ಲಿ ಇರುವ ಆಟವೇ ನೀರು! ಜನ ಬರುವುದೇ ನೀರು ನೋಡಲು. ನೋಡಿದರೆ ಆಟವೋ, ಮುಟ್ಟಿದರೆ ಆಟವೋ ಎಂದು ವ್ಯಾಖ್ಯಾನ ಬರೆಯಲು ಒಬ್ಬ ಪಂಡಿತರೇ ಬೇಕಿತ್ತು.

ಅಕ್ಟೋಬರ್ 1ರಿಂದ ಸೂಜಿಯೇ ಟಿಕೆಟ್ಟಾಯಿತು. ನೂರು ಜನರನ್ನು ಪರೀಕ್ಷಿಸಿದರೆ ಒಬ್ಬರಿಗಿಂತ ಕಡಿಮೆ ಸೋಂಕು ಕಾಣುವ ಜಿಲ್ಲೆಗಳಲ್ಲಿ ಟಾಕೀಸು ಪೂರ್ತಿ ತುಂಬಬಹುದು, ಪ್ರೇಕ್ಷಕನಿಗೆ ಒಂದು ಡೋಸಾದರೂ ಆಗಿರಬೇಕು. ನೋಡಿ, ನನಗೆ ಇಷ್ಟವಾದ ಆದೇಶ ಇದು. ಇದರಲ್ಲಿ ಒಂದು ಅಳತೆ ಇದೆ. ಇಷ್ಟಾದರೆ ಇಷ್ಟು ತೆರೆಯುತ್ತೇವೆ ಎಂಬ ಮಾತಿದೆ. ಸೆಪ್ಟೆಂಬರ್ 24ರಂದೇ ಹೇಳಿದರು, ಒಂದು ವಾರ ಮುಂಚೆ. ಟಾಕೀಸಿನವನು ಸೀಟು ಒರೆಸಿದ, ಪ್ರೊಜೆಕ್ಟರಿನ ಧೂಳು ಕೊಡವಿದ, ಊರಿಗೆ ಹೋಗಿದ್ದ ಗೇಟ್‌ಕೀಪರನ್ನು ಕರೆಸಿದ. 'ಸಲಗ', 'ಕೋಟಿಗೊಬ್ಬ 3' ದಸರಾಕ್ಕೆ ಬಂದವು. ಜನರೂ ಬಂದರು.

ಆದರೆ ಡಿಸೆಂಬರ್ 2ಕ್ಕೆ ದೇಶದ ಮೊದಲ ಓಮಿಕ್ರಾನ್ ಪ್ರಕರಣಗಳು ನಮ್ಮ ಬೆಂಗಳೂರಿನಲ್ಲೇ ಸಿಕ್ಕವು. ಮರುದಿನವೇ ನಿಯಮ ಬದಲು: ಟಾಕೀಸಿಗೆ, ಮಾಲಿಗೆ ಎರಡೂ ಡೋಸು ಆದವರಿಗೆ ಮಾತ್ರ ಪ್ರವೇಶ! ಲೆಕ್ಕ ಹಾಕಿ ನೋಡಿ. ಆಗ ಕೋವಿಶೀಲ್ಡಿನ ಎರಡು ಡೋಸಿನ ನಡುವೆ ಎಂಬತ್ತನಾಲ್ಕು ದಿನ ಕಾಯಬೇಕಿತ್ತು. ಡಿಸೆಂಬರ್ 3ಕ್ಕೆ ಎರಡನೆಯದು ಆಗಿರಬೇಕಾದರೆ ಮೊದಲನೆಯದು ಸೆಪ್ಟೆಂಬರ್ 10ಕ್ಕೇ, ಅಂದರೆ ಗಣೇಶನ ಹಬ್ಬಕ್ಕೇ ಆಗಿರಬೇಕು. ಹಬ್ಬದ ಮರುವಾರ ಶಿಸ್ತಾಗಿ ಸಾಲಿನಲ್ಲಿ ನಿಂತು ಸೂಜಿ ಚುಚ್ಚಿಸಿಕೊಂಡವನು ಏನು ತಪ್ಪು ಮಾಡಿದ? ಎರಡನೆಯ ಡೋಸು ಬೇಕೆಂದರೂ ಅವನಿಗೆ ಕೊಡುವವರಿಲ್ಲ, ಸಿನಿಮಾ ನೋಡುತ್ತೇನೆಂದರೆ ಬಿಡುವವರಿಲ್ಲ. ಅವನ ಬಾಗಿಲಲ್ಲಿ ಎರಡು ಬೀಗ!

ಮಕ್ಕಳ ಪಾಡು ಇನ್ನೂ ಚೆಂದ. ಹದಿನೈದು ದಾಟಿದವರಿಗೆ ಲಸಿಕೆ ಬಂದದ್ದು 2022ರ ಜನವರಿ 3ಕ್ಕೆ, ಹನ್ನೆರಡು ದಾಟಿದವರಿಗೆ ಮಾರ್ಚ್ 16ಕ್ಕೆ. ಅದಕ್ಕಿಂತ ಚಿಕ್ಕವರಿಗೆ ಸೂಜಿಯೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ತಿರುಗುತೊಟ್ಟಿಲು ಇರುವುದು ಅವರಿಗೇ ಅಲ್ಲವೇ? ಅಪ್ಪ-ಅಮ್ಮನಿಗೆ ಪಾಸು, ಮಗುವಿಗೆ ಫೇಲು. ಪಾಪ, ಪರೀಕ್ಷೆಯನ್ನೇ ಇಟ್ಟಿರಲಿಲ್ಲ.

ನಮ್ಮಲ್ಲಿ ಮಾತ್ರ ಹೀಗೆಯೇ? ಸ್ವಲ್ಪ ದೂರದ ಕಥೆ ಕೇಳಿ. ಅಮೆರಿಕದ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 2020ರ ಮಾರ್ಚ್ 14ರಂದು, ನಮ್ಮ ಟಾಕೀಸು ಮುಚ್ಚಿದ ದಿನವೇ, ಬಾಗಿಲು ಹಾಕಿತು. ತೆರೆದದ್ದು 2021ರ ಏಪ್ರಿಲ್ 30ಕ್ಕೆ. ನಾನೂರ ಹನ್ನೆರಡು ದಿನ! ಮಿಕ್ಕಿಮೌಸಿಗೂ ಅಷ್ಟು ದಿನ ರಜೆ. ಮುಚ್ಚಿದ್ದಾಗಲೇ, 2021ರ ಜನವರಿಯಲ್ಲಿ, ಅದರ ಕಾರು ನಿಲ್ಲಿಸುವ ಬಯಲನ್ನು ಲಸಿಕೆ ಹಾಕುವ ದೊಡ್ಡ ಶಿಬಿರ ಮಾಡಿದರು. ಆಟದ ಗೇಟಿನ ಮುಂದೆಯೇ ಸೂಜಿ! ಮಾರ್ಚ್ 5ರಂದು ಆ ರಾಜ್ಯದ ಸರ್ಕಾರ ಒಂದು ಪಟ್ಟಿ ಪ್ರಕಟಿಸಿತು: ಏಪ್ರಿಲ್ 1ರಿಂದ ಕೆಂಪು ಬಣ್ಣದ ಜಿಲ್ಲೆಯಲ್ಲಿ ಪಾರ್ಕು ನೂರಕ್ಕೆ 15 ಜನರೊಂದಿಗೆ ತೆರೆಯಬಹುದು, ಕಿತ್ತಳೆ ಬಣ್ಣಕ್ಕೆ ಇಳಿದರೆ 25, ಹಳದಿಗೆ ಇಳಿದರೆ 35. ಸೋಂಕು ಇಳಿದಂತೆ ಬಣ್ಣ ಬದಲು, ಬಣ್ಣ ಬದಲಾದಂತೆ ಜನ ಹೆಚ್ಚು. ತೊಟ್ಟಿಲು ತಿರುಗಿಸುವ ಕೂಲಿಯವನೂ ಪತ್ರಿಕೆ ನೋಡಿ ತನ್ನ ಜಿಲ್ಲೆಯ ಬಣ್ಣ ಯಾವುದು, ಮುಂದಿನ ತಿಂಗಳು ಕೆಲಸ ಉಂಟೇ ಎಂದು ಅಂದಾಜು ಹಾಕಬಹುದಿತ್ತು. ಆ ದೇಶದ್ದೆಲ್ಲ ಸರಿ ಎನ್ನುವ ಜಾತಿಯವನಲ್ಲ ನಾನು, ಜೂನ್ 15ಕ್ಕೆ ಅಲ್ಲಿ ಬಿಟ್ಟ ಮಾಸ್ಕನ್ನು ಜುಲೈ ಕೊನೆಗೆ ಒಳಾಂಗಣದಲ್ಲಿ ಮತ್ತೆ ಹಾಕಿಸಿದರು. ಆದರೂ ಅಳತೆಗೋಲನ್ನು ಮೊದಲೇ ಗೋಡೆಗೆ ತೂಗುಹಾಕಿದ್ದು ಮೆಚ್ಚತಕ್ಕ ಮಾತು.

ಅಳತೆಗೋಲು ಎಂದಾಗ ಮುನಿರಾಬಾದಿನ ದಂಡೆಯಲ್ಲಿ ನಿಂತವನಿಗೆ ಏನು ನೆನಪಾಗಬೇಕು ಹೇಳಿ?

ತುಂಗಭದ್ರೆಯ ಮೇಲೆ ಮೂವತ್ತಮೂರು ಗೇಟುಗಳಿವೆ. ಜಲಾಶಯದ ಪೂರ್ಣ ಮಟ್ಟ 1633 ಅಡಿ. ಈ ಸಂಖ್ಯೆಯನ್ನು ಇಲ್ಲಿನ ಶಾಲೆಯ ಹುಡುಗನೂ ಹೇಳುತ್ತಾನೆ, ಮಿರ್ಚಿ ಕರಿಯುವ ಅಜ್ಜಿಯೂ ಹೇಳುತ್ತಾಳೆ. ಇವತ್ತು ನೀರು ಎಷ್ಟು ಅಡಿ ಇದೆ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಗೇಟು ಎತ್ತುವ ಮೊದಲು ನದಿಯ ಕೆಳಗಿನ ಹಳ್ಳಿಗಳಿಗೆ ಎಚ್ಚರಿಕೆ ಹೋಗುತ್ತದೆ. ಆನೆಗೊಂದಿಯ ಹರಿಗೋಲಿನವನು ಹರಿಗೋಲನ್ನು ದಡಕ್ಕೆ ಎಳೆದುಕೊಳ್ಳುತ್ತಾನೆ. ನೀರು ಹೆಚ್ಚಾದರೆ ಕಂಪ್ಲಿ ಸೇತುವೆಯ ಮೇಲೆ ಬಸ್ಸು ನಿಲ್ಲಿಸುತ್ತಾರೆ. ಯಾರೂ ದಿಢೀರನೆ ಗೇಟು ಎತ್ತಿ "ಕೂಡಲೇ ಜಾರಿ" ಎನ್ನುವುದಿಲ್ಲ. ಎಂದರೆ ಕೆಳಗಿನವರು ಕೊಚ್ಚಿಹೋಗುತ್ತಾರೆ.

ಅನ್ನದ ಗೇಟಿಗೆ ಈ ಶಿಸ್ತು ಯಾಕಿರಲಿಲ್ಲ? ಇದು ಫೋಟೋದವನ ಪ್ರಶ್ನೆ. ಅವನ ಮಾತಿನಲ್ಲೇ ಕೇಳಿ:

"ಮುಚ್ಚಿದ್ದು ತಪ್ಪಲ್ರಿ. ಮುಚ್ಚದಿದ್ರ ಇನ್ನೂ ಎಷ್ಟು ಮಂದಿ ಹೋಗ್ತಿದ್ರೋ ಏನೋ. ನಮ್ಮಣ್ಣನ ಹೋಗ್ಯಾನ, ನನಗ ಗೊತ್ತಿಲ್ಲೇನ್ರಿ? ಆದ್ರ ಹೇಳಿ ಮುಚ್ಚಬೇಕು, ಹೇಳಿ ತೆಗೀಬೇಕು. ಒಂದು ವಾರ ಅಂದ್ರಿ, ನಾ ಒಂದು ವಾರದ್ದ ಜ್ವಾಳಾ ಇಟ್ಕೊಂಡೆ. ಏಳು ತಿಂಗಳು ಅಂದಿದ್ರ ಅವತ್ತ ನಾಟೀಗೆ ಹೋಗ್ತಿದ್ದೆ, ಸಾಲದ ಕಾಗದ ತರ್ತಿದ್ದಿಲ್ಲ. ಡ್ಯಾಮಿನವ್ರು ನೀರು ಬಿಡೂ ಮುಂದ ಹೇಳ್ತಾರಲ್ರಿ, ಹಂಗ."

ಬೆಂಗಳೂರಿನ ದೊಡ್ಡ ದೊಡ್ಡ ಹೋಟೆಲುಗಳಲ್ಲಿ ನಡೆದ ಚರ್ಚೆಗಳಲ್ಲಿ ಇಷ್ಟು ನೆಟ್ಟಗೆ ಯಾರೂ ಹೇಳಿದ್ದನ್ನು ನಾನು ಕೇಳಲಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನೂ ಹೇಳದಿದ್ದರೆ ಗಾಂಧಿಕ್ಲಾಸಿನ ನ್ಯಾಯ ಕೆಡುತ್ತದೆ. ನನ್ನ ಪರಿಚಯದ ವೈದ್ಯರೊಬ್ಬರಿಗೆ ಈ ಡ್ಯಾಮಿನ ಉಪಮೆ ಹೇಳಿದೆ. ಅವರು ತಲೆಯಾಡಿಸಿದರು. "ನೀರು ಎಷ್ಟಿದೆ ಎಂದು ಕಣ್ಣಿಗೆ ಕಾಣುತ್ತದೆ. ಸೋಂಕು ಇವತ್ತು ಎಷ್ಟಿದೆ ಎಂದು ಗೊತ್ತಾಗುವಷ್ಟರಲ್ಲಿ ಒಂದೆರಡು ವಾರ ಕಳೆದಿರುತ್ತದೆ. ಇವತ್ತು ಜಾತ್ರೆಯಲ್ಲಿ ತಗುಲಿದ್ದು ಆಸ್ಪತ್ರೆಗೆ ಬರುವುದು ಆಮೇಲೆ. ಅಲ್ಲದೆ ನೀರು ವೇಷ ಬದಲಿಸುವುದಿಲ್ಲ, ವೈರಸ್ಸು ಬದಲಿಸುತ್ತದೆ," ಎಂದರು.

ನಿಜವೇ. ಲಸಿಕೆ ಹೆಚ್ಚಾಗಿ ಕಾಪಾಡಿದ್ದು ಪ್ರಾಣವನ್ನು. ಸೋಂಕು ಹರಡುವುದನ್ನು ಅದು ಅಷ್ಟು ಗಟ್ಟಿಯಾಗಿ ತಡೆಯಲಿಲ್ಲ. 2021ರ ಅಕ್ಟೋಬರ್ 21ಕ್ಕೆ ದೇಶದಲ್ಲಿ ನೂರು ಕೋಟಿ ಡೋಸು ಮುಗಿದಿತ್ತು. ಆದರೂ 2022ರ ಜನವರಿಯಲ್ಲಿ ಓಮಿಕ್ರಾನ್ ಮನೆಮನೆಗೂ ಬಂತು, ಎರಡು ಡೋಸಾದವರನ್ನೂ ಮಲಗಿಸಿತು. ಟಾಕೀಸು ಮತ್ತೆ ಅರ್ಧಕ್ಕೆ ಇಳಿಯಿತು, ವಾರಾಂತ್ಯಕ್ಕೆ ಕರ್ಫ್ಯೂ ಬಂತು. ಆದರೆ ಆ ಸಲ 2021ರ ಮೇ ತಿಂಗಳ ಹಾಹಾಕಾರ ಕಾಣಲಿಲ್ಲ. ಫೆಬ್ರವರಿ 5ಕ್ಕೇ ಟಾಕೀಸು ಪೂರ್ತಿ ತೆರೆಯಿತು. ಮೊದಲ ಸಲ ಏಳು ತಿಂಗಳು, ಎರಡನೆಯ ಸಲ ಮೂರು ತಿಂಗಳು, ಮೂರನೆಯ ಸಲ ಒಂದು ತಿಂಗಳ ಅರ್ಧ ಸೀಟು. ಲಸಿಕೆ ಮಾಡಿದ ಕೆಲಸಕ್ಕೆ ಗಲ್ಲಾಪೆಟ್ಟಿಗೆಯ ಭಾಷೆಯಲ್ಲಿ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೇ? ಹಾಗಾಗಿ ಸೂಜಿ ಸುಳ್ಳಲ್ಲ. ಸೂಜಿಯೊಂದೇ ಅಳತೆಗೋಲು ಎಂದದ್ದು ಸಾಲದಾಯಿತು. ಎಷ್ಟು ಜನಕ್ಕೆ ಚುಚ್ಚಿದ್ದೇವೆ ಎಂಬುದರ ಜೊತೆಗೆ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಖಾಲಿ ಇದೆ ಎಂಬುದನ್ನೂ ಗೋಡೆಯ ಮೇಲೆ ಬರೆಯಬೇಕಿತ್ತು.

ಇನ್ನು ನಿಯಮ ಇದ್ದ ಮಾತ್ರಕ್ಕೆ ಎಲ್ಲ ಸುಖಾಂತವೇ? ಅಲ್ಲ. 2024ರ ಆಗಸ್ಟ್ 10ರ ರಾತ್ರಿ ಇದೇ ಅಣೆಕಟ್ಟಿನ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಅಳತೆ, ಕಾವಲು ಎಲ್ಲ ಇದ್ದೂ ಹೋಯಿತು. ಆದರೆ ಆಗ ಏನಾಯಿತು ನೋಡಿ: ನದಿಪಾತ್ರದ ಹಳ್ಳಿಗಳಿಗೆ ಕೂಡಲೇ ಎಚ್ಚರಿಕೆ ಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿದರು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಸುಮಾರು ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದರು. ಎಷ್ಟು ನೀರು ಹೋಯಿತು, ಎಷ್ಟು ಉಳಿಯಿತು ಎಂದು ರೈತ ದಿನವೂ ಕೇಳಿದ, ದಿನವೂ ಉತ್ತರ ಸಿಕ್ಕಿತು. ಅನಾಹುತ ಬಂದಾಗಲೂ ಮಾತಾಡುವ ಅಭ್ಯಾಸ ಇದ್ದರೆ ಜನ ತಡೆದುಕೊಳ್ಳುತ್ತಾರೆ.

ಕೊರೊನಾ ಇನ್ನು ಜಾಗತಿಕ ತುರ್ತುಸ್ಥಿತಿ ಅಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದೇ ಸಾರಿತು. ಮುಗಿದ ಕಥೆಯನ್ನು ಈಗ ಯಾಕಪ್ಪಾ ಎಳೆಯುತ್ತೀಯ ಎನ್ನುತ್ತೀರಾ? ಸಿನಿಮಾ ಮುಗಿದ ಮೇಲಲ್ಲವೇ ವಿಮರ್ಶೆ ಬರೆಯುವುದು! ಇನ್ನೊಂದು ಮಾರಿ ಬರುವುದೇ ಬೇಡ. ಬಂದರೆ ಎಂದು ಮೂರೇ ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ಒಂದು, ಮಟ್ಟ ಬರೆದು ತೂಗುಹಾಕಿ. ಸೋಂಕು ಇಷ್ಟು, ಹಾಸಿಗೆ ಇಷ್ಟು, ಸೂಜಿ ಇಷ್ಟು ಆದರೆ ಯಾವ ಗೇಟು ಎಷ್ಟು ತೆರೆಯುತ್ತದೆ ಎಂದು. ಮಟ್ಟ ಬದಲಿಸಬೇಕಾದರೆ ಬದಲಿಸಿ, ಹೇಳಿ ಬದಲಿಸಿ.

ಎರಡು, ದಿನ ಕೊಡಿ. 'ಯುವರತ್ನ'ಕ್ಕೆ ಐದು ದಿನ ಸಿಕ್ಕಿದ್ದು ದೊಡ್ಡ ನಟ ಕೇಳಿದ್ದರಿಂದ. ಕೇಳಿದಾಗ ಕೊಡಲು ಸಾಧ್ಯವಿತ್ತು ಎಂದಾಯಿತಲ್ಲ? ಕೇಳಲು ಬಾಯಿಲ್ಲದವನಿಗೂ ಅಷ್ಟೇ ದಿನ ಸಿಗಲಿ.

ಮೂರು, ಗೇಟಿಲ್ಲದ ಜಾಗಗಳ ಹೆಸರನ್ನೂ ಆದೇಶದಲ್ಲಿ ಬರೆಯಿರಿ. ಡ್ಯಾಮಿನ ರಸ್ತೆ, ಊರ ಉದ್ಯಾನ, ಜಾತ್ರೆಯ ಬಯಲು, ಬನಶಂಕರಿ ಜಾತ್ರೆಯಲ್ಲಿ ಡೇರೆ ಹಾಕುವ ನಾಟಕ ಕಂಪನಿ. ಕೇಳಬೇಕಾದವರು ಯಾರು ಎಂದು ತಿಳಿಸಿ. ಸೂಜಿಯೇ ಟಿಕೆಟ್ಟು ಎನ್ನುವುದಾದರೆ ಸೂಜಿಯನ್ನು ಆ ಬಯಲಿಗೇ ತನ್ನಿ.

ಹೊರಡುವಾಗ ಫೋಟೋದವನು ಬಿಡಲಿಲ್ಲ. "ಒಂದು ತಗಸ್ಕೊಂಡ ಹೋಗ್ರಿ, ಪೇಪರಿನವ್ರು," ಅಂದ. ನಿಲ್ಲಿಸಿದ. ಹೊಟ್ಟೆ ಒಳಗೆ ಎಳೆದುಕೊಳ್ಳಿ ಎಂದ. (ಎಳೆದುಕೊಂಡೆ. ಪ್ರಯೋಜನವಾಗಲಿಲ್ಲ.) ಎರಡೇ ನಿಮಿಷಕ್ಕೆ ಪುಟ್ಟ ಪ್ರಿಂಟರು ಕಿರ್‌ಗುಟ್ಟಿ ಕಾಗದ ಉಗುಳಿತು. ಹಿಂದೆ ಗೇಟುಗಳ ಸಾಲು, ಮುಂದೆ ನಾನು. ದುಡ್ಡು ಬೇಡ ಎಂದ, ಬಲವಂತ ಮಾಡಿ ಕೊಟ್ಟೆ. ಸಾಲ ತೀರಿತೇ ಎಂದು ಕೇಳಿದೆ. "ಒಂದು ತೀರೇತ್ರಿ. ಇನ್ನೊಂದು ಐತಿ," ಅಂದ. ಅಷ್ಟರಲ್ಲಿ ಕುಷ್ಟಗಿ ಕಡೆಯ ಒಂದು ಸಂಸಾರ ಕೂಸನ್ನೆತ್ತಿಕೊಂಡು ಬಂತು. ಅವನು ಆ ಕಡೆ ಓಡಿದ.

ಕಾಗದ ಬರೆದ ಓದುಗರೇ, ನಿಮ್ಮ ಪ್ರಶ್ನೆಗೆ ಉತ್ತರ: ಎಷ್ಟು ಲುಕ್ಸಾನು ಎಂದು ಅವನು ಲೆಕ್ಕ ಇಟ್ಟಿಲ್ಲ. ಇಟ್ಟವರೂ ಯಾರೂ ಕಾಣಲಿಲ್ಲ. ಅದಕ್ಕೇ ಇಷ್ಟು ಬರೆದೆ.

ಮುಂದಿನ ವಾರ ಮತ್ತೆ ಟಾಕೀಸಿನ ಕತ್ತಲಲ್ಲಿ, ಮುಂದಿನ ಬೆಂಚಿನಲ್ಲಿ ಸಿಗೋಣ. ಶೇಂಗಾ ನೀವು ತನ್ನಿ!